ಗಡಿಯಾರದ ಮಿಡಿತ : ಗಳಿಗೆಬಟ್ಟಲಿನಿಂದ ಪರಮಾಣುವಿನವರೆಗೆ

ಶಾಲೆಯ ಬಾಳೆಲ್ಲವೂ ಗಂಟೆಯ ನಾದಕ್ಕೆ ಅಧೀನ. ಆ ಗಂಟೆಯು ಗೋಡೆಯ ಗಡಿಯಾರಕ್ಕೆ ಅಧೀನ. ಹಾಗಾದರೆ ಗಡಿಯಾರವು ಯಾವುದಕ್ಕೆ ಅಧೀನ? ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದುದು ಒಂದು ಸಣ್ಣ ಅನರ್ಥ. ನಾನು ಹಿಂದೆ ದುಡಿಯುತ್ತಿದ್ದ ಶಾಲೆಯೊಂದರಲ್ಲಿ ಗೋಡೆಯ ಗಡಿಯಾರವನ್ನು ವರ್ಷದ ಮೇಲಾದರೂ ಯಾರೂ ತಿದ್ದಿರಲಿಲ್ಲ. ಅದು ನಿಂತಿರಲಿಲ್ಲವಾದುದರಿಂದ ಸರಿಯಾಗಿಯೇ ಇದೆಯೆಂದು ನಂಬಿದ್ದೆವು. ಪರೀಕ್ಷೆಗೆಂದು ಮಿರಜಿಗೆ ಹೋಗಬೇಕಾಗಿದ್ದ ಇಬ್ಬರು ಬಾಲಕಿಯರು ಅದನ್ನೇ ನಂಬಿ ಹೊರಟು ಬಸ್ಸು ತಪ್ಪಿಸಿಕೊಂಡರು. ಗಡಿಯಾರವು ಆರು ನಿಮಿಷ ಹಿಂದಿತ್ತು. ದಿನಕ್ಕೆ ಒಂದು ಸೆಕೆಂಡು ತಪ್ಪಿದರೆ ವರ್ಷಕ್ಕೆ ಆರು ನಿಮಿಷವೆಂಬ ಲೆಕ್ಕವನ್ನು ಅಂದು ಕಪ್ಪುಹಲಗೆಯ ಮೇಲೆ ಮಾಡಿದೆನು. ಆ ಮಕ್ಕಳ ಕಣ್ಣೀರನ್ನು ಮಾತ್ರ ಯಾವ ಲೆಕ್ಕವೂ ಒರೆಸಲಾರದಾಯಿತು.

ಗಡಿಯಾರವೆಂಬುದರಲ್ಲಿ ಎರಡೇ ಅಂಗಗಳಿವೆ. ಒಂದು, ಸಮನಾದ ಅಂತರದಲ್ಲಿ ಮತ್ತೆ ಮತ್ತೆ ನಡೆಯುವ ಕ್ರಿಯೆ. ಎರಡು, ಅದನ್ನು ಎಣಿಸುವ ಸಾಧನ. ಎಣಿಸುವುದು ಸುಲಭ. ಆ ಕ್ರಿಯೆಯನ್ನು ಬಿಸಿಲು, ಚಳಿ, ಮುಪ್ಪುಗಳಿಂದ ಕಾಪಾಡುವುದೇ ಕಷ್ಟ. ಗಡಿಯಾರದ ಇತಿಹಾಸವೆಂದರೆ ಈ ಕಾಪಾಡುವಿಕೆಯ ಇತಿಹಾಸವೇ ಸರಿ.

ನಮ್ಮ ಹಿರಿಯರು ಗಳಿಗೆಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ತಾಮ್ರದ ಬಟ್ಟಲು ನೀರಿನ ಮೇಲೆ ತೇಲುತ್ತ, ತುಂಬಿ ಮುಳುಗುವ ಹೊತ್ತೇ ಒಂದು ಗಳಿಗೆ, ಎಂದರೆ ೨೪ ನಿಮಿಷ. ಅಂಥ ೬೦ ಗಳಿಗೆಗಳಿಗೆ ಒಂದು ದಿನ. ಮದುವೆಯ ಮುಹೂರ್ತಕ್ಕೂ ಇದೇ ಬಟ್ಟಲು ಸಾಕ್ಷಿ. ಆದರೆ ನೀರು ಬೆಚ್ಚಗಾದರೆ ಬೇಗ ನುಗ್ಗುವುದು. ರಂಧ್ರದಲ್ಲಿ ಕಸ ಸೇರಿದರೆ ಗಳಿಗೆಯು ಹಿಗ್ಗುವುದು.

೧೬೫೬ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸನು ಲೋಲಕದ ಗಡಿಯಾರವನ್ನು ರಚಿಸಿದನು. ಅಲ್ಲಿಯೂ ಬಿಸಿಲು ಬೆನ್ನು ಬಿಡಲಿಲ್ಲ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಉಕ್ಕಿನ ಸಲಾಕೆಯು ಹಿಗ್ಗಿ, ಗಡಿಯಾರವು ದಿನಕ್ಕೆ ಸುಮಾರು ೫ ಸೆಕೆಂಡು ಹಿಂದೆ ಬೀಳುವುದು. ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್ನನು ಹಿತ್ತಾಳೆ, ಉಕ್ಕುಗಳ ಸಲಾಕೆಗಳನ್ನು ಜೋಡಿಸಿ ಒಂದರ ಹಿಗ್ಗುವಿಕೆಯನ್ನು ಇನ್ನೊಂದರಿಂದ ಸರಿದೂಗಿಸಿದನು. ಒಂದು ದೋಷವನ್ನು ಮತ್ತೊಂದು ದೋಷದಿಂದಲೇ ತಿದ್ದುವ ಈ ಉಪಾಯವು ಇಂದಿಗೂ ಬಿಟ್ಟುಹೋಗಿಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆಯು ಉದ್ಯಮವಾಗಿ ಬೇರೂರಿದುದು ೧೯೬೧ರಲ್ಲಿ. ಆ ವರ್ಷ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿತು. ನಮ್ಮ ತಂದೆಯವರ ಕೈಯಲ್ಲಿದ್ದುದು ಆ ಸಂಸ್ಥೆಯ ‘ಜನತಾ’. ಅದರ ಚಕ್ರವು ಸೆಕೆಂಡಿಗೆ ಐದು ಬಾರಿ ಮಿಡಿಯುವುದು. ಅವರು ನಿತ್ಯವೂ ಬೆಳಿಗ್ಗೆ ಕೀಲಿ ಕೊಟ್ಟು, ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ ‘ಪೀ ಪೀ’ ಧ್ವನಿಗೆ ಮುಳ್ಳನ್ನು ಹೊಂದಿಸುತ್ತಿದ್ದರು. ಎಚ್.ಎಂ.ಟಿ.ಯ ಕೈಗಡಿಯಾರದ ಕಂಪನಿಯನ್ನು ಮುಚ್ಚಲು ಸರಕಾರವು ೨೦೧೬ರಲ್ಲಿ ನಿರ್ಧರಿಸಿತು.

ಅಷ್ಟರಲ್ಲಿ ಚಕ್ರದ ಸ್ಥಾನವನ್ನು ಸ್ಫಟಿಕವು ಆಕ್ರಮಿಸಿತ್ತು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ೧೮೮೦ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟರೆ ಅಂಥ ಹರಳು ಕಂಪಿಸುವುದು. ಈ ತತ್ತ್ವದಿಂದ ೧೯೨೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾರಿಸನ್ ಮತ್ತು ಹಾರ್ಟನ್ ಎಂಬವರು ಮೊದಲ ಸ್ಫಟಿಕ ಗಡಿಯಾರವನ್ನು ನಿರ್ಮಿಸಿದರು. ಇಂದಿನ ಗೋಡೆಗಡಿಯಾರದೊಳಗೆ ಕವಲುಗೋಲಿನ ಆಕಾರದ ಪುಟ್ಟ ಸ್ಫಟಿಕವೊಂದು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ಎರಡರಿಂದ ಹದಿನೈದು ಸಲ ಭಾಗಿಸಿ ನೋಡಲಿ. ಕೊನೆಗೆ ಒಂದೇ ಉಳಿಯುವುದು. ಗಡಿಯಾರದ ವಿದ್ಯುನ್ಮಂಡಲವೂ ಅದನ್ನೇ ಮಾಡಿ ಮುಳ್ಳನ್ನು ಒಂದು ಸೆಕೆಂಡು ಮುಂದಕ್ಕೆ ನೂಕುತ್ತದೆ.

ಈ ಸ್ಫಟಿಕಕ್ಕೂ ಹವೆಯ ಬಾಧೆಯುಂಟು. ಅದು ಸುಮಾರು ೨೫ ಡಿಗ್ರಿ ಉಷ್ಣತೆಯಲ್ಲಿ ಸರಿಯಾಗಿ ನಡೆಯುವಂತೆ ರಚಿತವಾದುದು. ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ನಿಧಾನವಾಗುವುದು. ಹತ್ತು ಡಿಗ್ರಿಯ ವ್ಯತ್ಯಾಸಕ್ಕೆ ದಿನಕ್ಕೆ ಸುಮಾರು ೦.೩ ಸೆಕೆಂಡು ನಷ್ಟ. ಇಪ್ಪತ್ತಾದರೆ ನಷ್ಟವು ನಾಲ್ಕು ಪಟ್ಟು. ಲಿಂಗನೂರಿನ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ತೂಗುವ ಗಡಿಯಾರದ ಪಾಡು ಇದರಿಂದ ತಿಳಿಯುತ್ತದೆ. ಹರಳು ಹಳೆಯದಾದಂತೆಯೂ ಅದರ ಮಿಡಿತವು ತುಸು ತುಸು ಸರಿಯುತ್ತದೆ.

ಇದಕ್ಕೆ ಮೂರು ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು, ಉಷ್ಣತೆಗೆ ಅಷ್ಟಾಗಿ ಬಾಗದಂತೆ ಹರಳನ್ನು ತಕ್ಕ ಕೋನದಲ್ಲಿ ಕತ್ತರಿಸುವುದು. ಎರಡನೆಯದು, ಬಿಸಿ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಡುವಂತೆ ಹರಳನ್ನು ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಒಂದೇ ಸಮನೆ ಕಾಯಿಸುತ್ತಿರುವುದು. ಮೂರನೆಯದು, ಉಷ್ಣತೆಯನ್ನು ಅಳೆದು, ಅದು ತರುವ ದೋಷದಷ್ಟೇ ವಿರುದ್ಧವಾದ ತಿದ್ದುಪಡಿಯನ್ನು ವಿದ್ಯುತ್ತಿನಿಂದ ಕೊಡುವುದು. ಇದು ಹ್ಯಾರಿಸನ್ನನ ಉಪಾಯವೇ ಅಲ್ಲವೆ? ಇಂದಿನ ಮೊಬೈಲು ಫೋನುಗಳಲ್ಲಿ ಕೆಲಸಮಾಡುತ್ತಿರುವುದು ಇದೇ.

ಹರಳಿಗಿಂತಲೂ ಸ್ಥಿರವಾದುದು ಪರಮಾಣು, ಅದಕ್ಕೆ ಮುಪ್ಪಿಲ್ಲ. ೧೯೫೫ರಲ್ಲಿ ಇಂಗ್ಲೆಂಡಿನಲ್ಲಿ ಎಸ್ಸೆನ್ ಮತ್ತು ಪ್ಯಾರಿ ಎಂಬವರು ಸೀಸಿಯಂ ಗಡಿಯಾರವನ್ನು ನಡೆಯಿಸಿದರು. ೧೯೬೭ರಿಂದ ಸೀಸಿಯಂ ಪರಮಾಣುವಿನ ವಿಕಿರಣದ ೯,೧೯,೨೬,೩೧,೭೭೦ ಕಂಪನಗಳ ಅವಧಿಯೇ ಒಂದು ಸೆಕೆಂಡೆಂದು ಜಗತ್ತು ಒಪ್ಪಿಕೊಂಡಿತು.

ನಮ್ಮ ದೇಶವು ಇದರ ಪಾಠವನ್ನು ಕಷ್ಟದಿಂದ ಕಲಿಯಿತು. ದಾರಿ ತೋರುವ ಭಾರತೀಯ ಉಪಗ್ರಹಗಳ ಸಾಲಿನ ಮೊದಲನೆಯದನ್ನು ೨೦೧೩ರ ಜುಲೈ ೧ರಂದು ಹಾರಿಸಲಾಯಿತು. ಅದರಲ್ಲಿ ವಿದೇಶದಿಂದ ತರಿಸಿದ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಅವು ಒಂದರ ಹಿಂದೊಂದು ಕೆಟ್ಟವೆಂಬ ಸುದ್ದಿಯು ೨೦೧೭ರಲ್ಲಿ ಹೊರಬಿತ್ತು. ಉಪಗ್ರಹದ ಉಳಿದ ಅಂಗಗಳು ಸುಸ್ಥಿತಿಯಲ್ಲಿದ್ದರೂ ಸ್ಥಾನವನ್ನು ಹೇಳುವ ಶಕ್ತಿ ಅದಕ್ಕೆ ಉಳಿಯಲಿಲ್ಲ. ಏಕೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದ ಲೆಕ್ಕದಲ್ಲಿ ೩೦೦ ಮೀಟರು ತಪ್ಪುವುದು. ಬದಲಿಗೆಂದು ಆ ವರ್ಷದ ಆಗಸ್ಟ್ ೩೧ರಂದು ಕಳಿಸಿದ ಉಪಗ್ರಹವು ವಿಫಲವಾಯಿತು. ೨೦೧೮ರ ಏಪ್ರಿಲ್ ೧೨ರಂದು ಕಳಿಸಿದುದು ಕಕ್ಷೆ ಸೇರಿತು. ಕೊನೆಗೆ ೨೦೨೩ರ ಮೇ ೨೯ರಂದು ಭಾರತದಲ್ಲಿಯೇ ರಚಿಸಿದ ರುಬಿಡಿಯಂ ಗಡಿಯಾರವು ಆಕಾಶಕ್ಕೇರಿತು. ಬೆಂಗಳೂರಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿ ಈ ವ್ಯವಸ್ಥೆಯ ಕಾಲವನ್ನು ಕಾಯುವ ಕೇಂದ್ರವಿದೆ. ಅಲ್ಲಿಯೂ ಒಂದೇ ಗಡಿಯಾರವನ್ನು ನಂಬುವುದಿಲ್ಲ. ಪರಮಾಣು ಗಡಿಯಾರಗಳ ಸಮೂಹವನ್ನೇ ಇಟ್ಟು, ಒಂದಕ್ಕೊಂದನ್ನು ಹೋಲಿಸಿ ನೋಡುತ್ತಾರೆ.

ಗಳಿಗೆಬಟ್ಟಲಿನಿಂದ ಪರಮಾಣುವಿನವರೆಗಿನ ಇತಿಹಾಸವು ಹೇಳುವುದಿಷ್ಟೆ: ತಪ್ಪದ ಗಡಿಯಾರವಿಲ್ಲ, ತಿದ್ದುವವರಿರುವ ಗಡಿಯಾರವೇ ನಂಬತಕ್ಕದ್ದು. ತಂದೆಯವರು ನಿತ್ಯ ಮಾಡುತ್ತಿದ್ದ ಕೆಲಸವನ್ನು ನಾವು ಶಾಲೆಯಲ್ಲಿ ಮರೆತಿದ್ದೆವು. ಈಗ ನನ್ನ ತರಗತಿಯಲ್ಲಿ ಶನಿವಾರಕ್ಕೊಬ್ಬ ವಿದ್ಯಾರ್ಥಿಯು ಗೋಡೆಯ ಗಡಿಯಾರವನ್ನು ಆಕಾಶವಾಣಿಯ ವೇಳೆಗೆ ಹೋಲಿಸಿ, ಎಷ್ಟು ಸೆಕೆಂಡು ತಪ್ಪಿತೆಂದು ವಹಿಯಲ್ಲಿ ಬರೆದು ತಿದ್ದುತ್ತಾನೆ. ಶಿಕ್ಷಕ ಬಂಧುಗಳು ತಮ್ಮ ಶಾಲೆಗಳಲ್ಲಿಯೂ ಇಂಥದೊಂದು ವಹಿಯನ್ನು ತೆರೆದರೆ, ಮಕ್ಕಳಿಗೆ ಗಣಿತವೂ ವಿಜ್ಞಾನವೂ ಒಟ್ಟಿಗೆ ಕೈಗೂಡುವುವು. ಪರೀಕ್ಷೆಯ ದಿನ ಬಸ್ಸೂ ತಪ್ಪದು.