ಗುಲಗಂಜಿಯ ಸೂಜಿ, ದೊಡ್ಡರೋಗದ ಸಾವು

ಬೇಲಿಗೆ ಹಬ್ಬಿದ ಗುಲಗಂಜಿ ಬಳ್ಳಿಯ ಕಾಯಿ ಒಣಗಿ ಬಿರಿದಾಗ ಇಣುಕುವ ಕೆಂಪು ಬೀಜ, ಅದರ ತುದಿಯ ಕಪ್ಪು ಬೊಟ್ಟು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನಕ್ಕೆ ಎದುರಾಗಿ ಕೂರುತ್ತಿದ್ದ ಬೀಜ ಇದು. ಒಂದರ ತೂಕ ಸುಮಾರು 120 ಮಿಲಿಗ್ರಾಂ. ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಇಡಿಯಾಗಿ ಹೊಟ್ಟೆಗೆ ಹೋದ ಬೀಜ ಹಲವು ಸಲ ಹಾಗೆಯೇ ಹೊರಬರುತ್ತದೆ. ಸಿಪ್ಪೆ ಒಡೆದರೆ ಮಾತ್ರ ಒಳಗಿನ ಅಬ್ರಿನ್ ಎಂಬ ವಿಷ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ.

19ನೇ ಶತಮಾನದ ಉತ್ತರ ಭಾರತದಲ್ಲಿ ಈ ಬೀಜ ದನ ಕೊಲ್ಲುವ ಆಯುಧವಾಗಿತ್ತು. ಅರೆದ ಬೀಜದ ಹಿಟ್ಟಿನಿಂದ ಮುಳ್ಳಿನಂಥ ಸಣ್ಣ ಸೂಜಿ ಮಾಡಿ, ಬಿಸಿಲಲ್ಲಿ ಒಣಗಿಸಿ, ಮರದ ಹಿಡಿಗೆ ಸಿಕ್ಕಿಸಿ ದನದ ಮೈಗೆ ಹೊಡೆಯುತ್ತಿದ್ದರು. ಇದಕ್ಕೆ 'ಸುಯಿ' ಅಥವಾ 'ಸುತಾರಿ' ಎಂದು ಹೆಸರು. ಉದ್ದ ಅರ್ಧ ಇಂಚಿಗಿಂತ ತುಸು ಹೆಚ್ಚು, ಅಷ್ಟೆ. ಹಿಡಿ ಕೈಯಲ್ಲಿ ಉಳಿಯುತ್ತಿತ್ತು, ಸೂಜಿ ಮಾಂಸದಲ್ಲಿ ಮುರಿದು ಕೂರುತ್ತಿತ್ತು. ಗಾಯದ ಸುತ್ತ ಬಾವು ಬಂದು ಮೂರು ನಾಲ್ಕು ದಿನಗಳಲ್ಲಿ ದನ ಸಾಯುತ್ತಿತ್ತು. ನೋಡಿದವರು ಹಾವು ಕಚ್ಚಿತೆಂದುಕೊಳ್ಳುವಂಥ ಸಾವು. ಭಾರತದ ನ್ಯಾಯವೈದ್ಯಶಾಸ್ತ್ರದ ಪಠ್ಯಗಳಲ್ಲಿ ಸುಯಿಗೆ ಇಂದಿಗೂ ಜಾಗವಿದೆ.

ಹೀಗೆ ದನ ಕೊಂದವರು ಇದ್ದರು, ಅದು ನಿಜ. ಆದರೆ ಆ ಕೆಲವರ ಅಪರಾಧದ ಹೊರೆ ಬಿದ್ದದ್ದು ಒಂದು ಇಡೀ ಸಮುದಾಯದ ತಲೆಯ ಮೇಲೆ. ಊರಲ್ಲಿ ಸತ್ತ ದನವನ್ನು ಎಳೆದು ಸಾಗಿಸಬೇಕಾದವರು ಚರ್ಮಗಾರಿಕೆಯವರು. ಬದಲಿಗೆ ಅದರ ತೊಗಲು ಅವರದು. ಸರ್ಕಾರಿ ಕಡತಗಳು ಇವರನ್ನು 'ಚಮಾರ್' ಎಂದು ಬರೆದವು. ಶತಮಾನದ ಉತ್ತರಾರ್ಧದಲ್ಲಿ ಹಸಿ ಚರ್ಮದ ರಫ್ತು ಏರಿ ತೊಗಲಿಗೆ ಬೆಲೆ ಬಂತು. ಅದರ ಬೆನ್ನಿಗೇ ಗುಮಾನಿಯೂ ಬಂತು. ಆಜಂಗಢ, ಗೋರಖಪುರದ ಸೀಮೆಯಲ್ಲಿ ದನ ಸತ್ತರೆ ಸಾಕು, ಚರ್ಮದ ಆಸೆಗೆ ವಿಷ ಹಾಕಿದರೆಂಬ ಮಾತು ಏಳುತ್ತಿತ್ತು. 1860ರ ಭಾರತೀಯ ದಂಡಸಂಹಿತೆಯ 429ನೇ ಕಲಮು ಎತ್ತು, ಹಸು, ಎಮ್ಮೆಗಳಿಗೆ ವಿಷವಿಕ್ಕುವುದನ್ನು ಹೆಸರಿಸಿಯೇ ಐದು ವರ್ಷದವರೆಗಿನ ಸಜೆ ಇಟ್ಟಿತು.

ಅದೇ ಕಾಲದಲ್ಲಿ, ಯಾವ ಸೂಜಿಯ ಹಂಗೂ ಇಲ್ಲದೆ ಮಂದೆಗಟ್ಟಲೆ ದನಗಳು ಸಾಯುತ್ತಿದ್ದವು.

ಇಂಗ್ಲಿಷಿನ ರಿಂಡರ್‌ಪೆಸ್ಟ್ ಕನ್ನಡದಲ್ಲಿ ದೊಡ್ಡರೋಗ. ಮೊದಲು ಜ್ವರ ಏರಿ ದನ ಮೇವು ಬಿಡುತ್ತಿತ್ತು. ಕಣ್ಣು, ಮೂಗಲ್ಲಿ ನೀರು ಇಳಿಯುತ್ತಿತ್ತು. ಬಾಯೊಳಗೆ, ವಸಡಿನ ಮೇಲೆ ತೌಡು ಅಂಟಿದಂತೆ ಕಾಣುವ ಹುಣ್ಣು. ಆಮೇಲೆ ನಿಲ್ಲದ ಭೇದಿ, ನಾರುವ, ರಕ್ತ ಬೆರೆತ ಭೇದಿ. ಒಂದೆರಡು ವಾರದೊಳಗೆ ಕೊಟ್ಟಿಗೆ ಬರಿದು. ಉಳುವ ಜೋಡೆತ್ತು ಹೋದರೆ ಆ ವರ್ಷದ ಬಿತ್ತನೆಯೂ ಹೋಯಿತು. ಪಾಷಾಣ, ಅಂದರೆ ಆರ್ಸೆನಿಕ್, ತಿಂದ ದನಕ್ಕೂ ಹೀಗೆಯೇ ಭೇದಿಯಾಗುತ್ತದೆ, ಕರುಳು ಕೆಂಪೇರುತ್ತದೆ. ಹಳ್ಳಿಯ ಪೊಲೀಸಿನವನಿಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ. ಪಾಷಾಣವನ್ನಾದರೂ ರಾಸಾಯನಿಕ ಪರೀಕ್ಷೆ ಹಿಡಿಯುತ್ತಿತ್ತು. ಗುಲಗಂಜಿಯ ವಿಷಕ್ಕೆ ಅಂಥದ್ದೊಂದು ಸುಲಭ ಪರೀಕ್ಷೆ ಇರಲಿಲ್ಲ. ಮಾಂಸದೊಳಗೆ ಮುರಿದ ಸೂಜಿ ಸಿಕ್ಕರೆ ಸಾಕ್ಷ್ಯ, ಸಿಗದಿದ್ದರೆ ಗುಮಾನಿಯೊಂದೇ ಗತಿ.

ಬ್ರಿಟನ್ನಿನಲ್ಲೇ 1865ರಿಂದ ಈ ರೋಗ ಹಾವಳಿ ಎಬ್ಬಿಸಿದ ಮೇಲೆ ಸರ್ಕಾರ ಇಲ್ಲಿಯೂ ಕಣ್ಣು ಬಿಟ್ಟಿತು. 1869ರಲ್ಲಿ ಸೈನ್ಯದ ಪಶುವೈದ್ಯ ಹ್ಯಾಲನ್ ನೇತೃತ್ವದಲ್ಲಿ ದನಗಳ ಮಾರಿಬೇನೆಯ ವಿಚಾರಣೆಗೆ ಆಯೋಗ ನೇಮಕವಾಯಿತು. 1871ರಲ್ಲಿ ಬಂದ ವರದಿ ದೊಡ್ಡರೋಗ ಭಾರತದಲ್ಲಿ ಬೇರೂರಿದೆಯೆಂದು ದಾಖಲಿಸಿತು. ಅದೇ 1871ರಲ್ಲಿ, ಹುಟ್ಟಿನಿಂದಲೇ ಜನರನ್ನು ಅಪರಾಧಿಗಳೆಂದು ಬಗೆಯುವ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಜಾರಿಯಾಯಿತು. ದನದ ಸಾವಿಗೆ ರೋಗವೂ ಕಾರಣವೆಂದು ಒಪ್ಪಿದ ಆಡಳಿತ, ಮನುಷ್ಯರ ವಿಷಯದಲ್ಲಿ ಜಾತಿಯನ್ನೇ ಕಾರಣವಾಗಿ ಹಿಡಿದದ್ದು ಈ ಚರಿತ್ರೆಯ ಅತಿ ಕಹಿಯಾದ ಭಾಗ.

ವಿಷವೋ ರೋಗವೋ ಎಂಬ ಪ್ರಶ್ನೆ ಹಳ್ಳಿಯದಷ್ಟೇ ಆಗಿ ಉಳಿಯಲಿಲ್ಲ, ಪ್ರಯೋಗಾಲಯಕ್ಕೂ ಹೋಯಿತು. 1882ರಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಡಿ ವೆಕರ್ ಕಣ್ಣಿನ ಹಳೆಯ ಉರಿಯೂತಕ್ಕೆ ಗುಲಗಂಜಿ ನೆನೆಸಿದ ನೀರನ್ನು ಮದ್ದಾಗಿ ಬಳಸತೊಡಗಿದ. ಆ ನೀರು ಕಣ್ಣನ್ನು ಕೆರಳಿಸುವುದು ಅದರಲ್ಲಿ ಬೆಳೆಯುವ ರೋಗಾಣುವಿನಿಂದ ಎಂದು ಕೆಲವರು ವಾದಿಸಿದರು. ಕಲ್ಕತ್ತೆಯಲ್ಲಿ ವಾರ್ಡನ್ ಮತ್ತು ವಾಡೆಲ್ ಎಂಬ ಸಂಶೋಧಕರು 1884ರಲ್ಲಿ ಅದನ್ನು ಅಲ್ಲಗಳೆದರು. ಕೊಲ್ಲುವುದು ರೋಗಾಣುವಲ್ಲ, ಬೀಜದೊಳಗಿನ ಪ್ರೋಟೀನೇ ಎಂದು ತೋರಿಸಿದರು.

ಅಲ್ಲಿಂದ ಮುಂದಿನದು ಬೆರಗಿನ ಕತೆ. 1891ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಕೆಲವು ಇಲಿಗಳಿಗೆ ಅಬ್ರಿನ್ನನ್ನೂ ಬೇರೆ ಕೆಲವಕ್ಕೆ ಹರಳುಬೀಜದ ರಿಸಿನ್ನನ್ನೂ ಸ್ವಲ್ಪ ಸ್ವಲ್ಪವೇ ಏರಿಸುತ್ತ ಕೊಟ್ಟ. ಕೊನೆಗೆ ಅವು ಕೊಲ್ಲುವ ಪ್ರಮಾಣವನ್ನೂ ತಾಳಿಕೊಂಡವು. ಆದರೆ ರಿಸಿನ್ ತಾಳುವ ಇಲಿ ಅಬ್ರಿನ್ನಿಗೆ ಬಲಿಯಾಗುತ್ತಿತ್ತು. ಒಂದೊಂದು ವಿಷಕ್ಕೂ ಮೈ ತನ್ನದೇ ಪ್ರತಿವಿಷವನ್ನು ಹುಟ್ಟಿಸುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ದನದ ಮೈಗೆ ಚುಚ್ಚುತ್ತಿದ್ದ ವಿಷ ರೋಗನಿರೋಧದ ಮೊದಲ ಪಾಠಗಳಲ್ಲೊಂದಾಯಿತು.

ದೊಡ್ಡರೋಗಕ್ಕೆ ಮದ್ದು ಬಂದದ್ದೂ ಇದೇ ತಿಳಿವಳಿಕೆಯ ಹಾದಿಯಲ್ಲಿ. 1889ರಲ್ಲಿ ಪುಣೆಯಲ್ಲಿ ಶುರುವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ 1893ರಲ್ಲಿ ಕುಮಾವೂಂ ಬೆಟ್ಟದ ಮುಕ್ತೇಶ್ವರಕ್ಕೆ ಹೋಯಿತು. ಅಪಾಯದ ರೋಗಗಳನ್ನು ಊರಿಂದ ದೂರವಿಟ್ಟು ಕೆಲಸ ಮಾಡಲು ಅಂಥ ಜಾಗ ಬೇಕಿತ್ತು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ದೊಡ್ಡರೋಗದ ಮೇಲೆ ಕೆಲಸ ಮಾಡಿದ್ದ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ 1897ರಲ್ಲಿ ಮುಕ್ತೇಶ್ವರಕ್ಕೂ ಬಂದುಹೋದ. ಶತಮಾನ ಹೊರಳುವ ಹೊತ್ತಿಗೆ ಅಲ್ಲಿ ರೋಗನಿರೋಧಕ ಸೀರಮ್ ತಯಾರಾಗತೊಡಗಿತು. ಸೀರಮ್ಮಿನ ರಕ್ಷೆ ಕೆಲವೇ ವಾರಗಳದು. 1920ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿ ಎಡ್ವರ್ಡ್ಸ್ ದೊಡ್ಡರೋಗದ ವೈರಸ್ಸನ್ನು ಆಡುಗಳ ಮೈಯಲ್ಲಿ ದಾಟಿಸಿ ದಾಟಿಸಿ ಪಳಗಿಸಿದ ಮೇಲೆ ಬಹುಕಾಲ ಉಳಿಯುವ ಲಸಿಕೆಗೆ ದಾರಿಯಾಯಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಹೆಬ್ಬಾಳದ ಇಂದಿನ ಪಶು ಲಸಿಕೆ ಸಂಸ್ಥೆಯ ಬೇರು ಅಲ್ಲಿದೆ. ದನಕ್ಕೆ ಬೇನೆ ಬಂದಾಗ ಮಾರಿಯನ್ನು ಊರಗಡಿ ದಾಟಿಸುತ್ತಿದ್ದ ನಮ್ಮ ಹಳ್ಳಿಗಳಿಗೂ ಸೂಜಿ ಹಿಡಿದ ದನದ ಡಾಕ್ಟರು ಬಂದರು, ಈ ಸಲ ಉಳಿಸುವ ಸೂಜಿ. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಭಾರತದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. 2011ರಲ್ಲಿ ಜಗತ್ತೇ ದೊಡ್ಡರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ್ದು ಇದೊಂದೇ ರೋಗವನ್ನು.

ತೊಗಲಿನ ಹಕ್ಕಿಗಾಗಿ ಕಳಂಕ ಹೊತ್ತ ಜನರ ಕತೆ ಲಸಿಕೆಯಿಂದ ತೀರಲಿಲ್ಲ. ಸತ್ತ ದನ ಎಳೆಯುವ ಕೆಲಸವೇ ಅಸ್ಪೃಶ್ಯತೆಯ ಗುರುತಾಗಿತ್ತು. 1927ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ನೆರೆದ ಜನರಿಗೆ ಅಂಬೇಡ್ಕರ್, ಸತ್ತ ದನದ ಮಾಂಸವನ್ನೂ ಅದನ್ನು ಎಳೆಯುವ ಕೆಲಸವನ್ನೂ ಬಿಡಿ ಎಂದು ಕರೆ ಕೊಟ್ಟರು. ಹಾಗೆ ಬಿಟ್ಟವರು ಎಷ್ಟೋ ಊರುಗಳಲ್ಲಿ ಬಹಿಷ್ಕಾರ ಎದುರಿಸಬೇಕಾಯಿತು. ಹಿಂದೆ ತೊಗಲಿಗಾಗಿ ದನ ಕೊಲ್ಲುತ್ತಾರೆಂದು ದೂರಿದ ಊರು, ಆಮೇಲೆ ಅವರು ಸತ್ತ ದನವನ್ನು ಮುಟ್ಟುವುದಿಲ್ಲವೆಂಬ ಕಾರಣಕ್ಕೇ ಅವರಿಗೆ ಕೂಲಿ ಕೊಡಲು ನಿರಾಕರಿಸಿತು.