ನಂಬಿಕೆ ಬೆಳೆಯುವ ದಿಕ್ಕು: ಮಕ್ಕಳ ಚಿಂತನೆಯ ಅಂತರಸಂಸ್ಕೃತಿ ಅಧ್ಯಯನಗಳು

ಮಕ್ಕಳು ಲೋಕವನ್ನು ಹೇಗೆ ಅರಿಯುತ್ತಾರೆ ಎಂಬುದನ್ನು ಬೇರೆ ಬೇರೆ ಸಂಸ್ಕೃತಿಗಳಲ್ಲಿಟ್ಟು ನೋಡುವ ಅಧ್ಯಯನಕ್ಕೆ ಮೊದಲ ಪ್ರೇರಣೆ ಬಂದದ್ದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರ ಬರಹಗಳಿಂದ. ಎಳೆಯ ಮಕ್ಕಳು ಸೂರ್ಯ, ಮೋಡ, ಗಾಳಿಗಳಿಗೂ ಜೀವವಿದೆ, ಇಚ್ಛೆಯಿದೆ ಎಂದು ತಿಳಿಯುತ್ತಾರೆಂದೂ, ಬೆಳೆದಂತೆ ಈ ತಿಳಿವಳಿಕೆ ತಾನಾಗಿ ಕಳಚಿಕೊಳ್ಳುತ್ತದೆಂದೂ ಅವರು 1926ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದರು. ಜಡದಲ್ಲಿ ಚೇತನವನ್ನು ಕಾಣುವ ಈ ಪ್ರವೃತ್ತಿಗೆ ಸರ್ವಚೇತನವಾದ ಎಂದು ಹೆಸರು. ಯುರೋಪಿನ ಮಗು ದಾಟಿ ಹೋಗುವ ಮೆಟ್ಟಿಲಲ್ಲೇ ‘ಆದಿಮ’ ಸಮಾಜಗಳ ವಯಸ್ಕರು ನಿಂತುಬಿಟ್ಟಿದ್ದಾರೆ ಎಂಬ ಊಹೆಯೂ ಆ ಕಾಲದ ವಿದ್ವತ್ತಿನಲ್ಲಿ ಬಲವಾಗಿತ್ತು. ಪಿಯಾಜೆಯವರ ಸಿದ್ಧಾಂತವನ್ನು ಅದರೊಂದಿಗೆ ಸೇರಿಸಿ ಓದುವುದು ಸುಲಭವಾಗಿತ್ತು.

ಈ ಊಹೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್. 1928-29ರಲ್ಲಿ ಅವರು ನ್ಯೂಗಿನಿಯ ಉತ್ತರಕ್ಕಿರುವ ಅಡ್ಮಿರಾಲ್ಟಿ ದ್ವೀಪಗಳ ಮಾನುಸ್ ಜನರ ನಡುವೆ ಇದ್ದು, ಅದುವರೆಗೆ ಪೆನ್ಸಿಲನ್ನೇ ಹಿಡಿಯದ ಮಕ್ಕಳ ಕೈಗೆ ಕಾಗದ ಪೆನ್ಸಿಲು ಕೊಟ್ಟು ಸಾವಿರಾರು ಚಿತ್ರಗಳನ್ನು ಬರೆಸಿದರು. ಕಣ್ಣು ಮೂಗು ಇರುವ ಸೂರ್ಯಚಂದ್ರರನ್ನು ಆ ಚಿತ್ರಗಳಲ್ಲಿ ಹುಡುಕಿದರೆ ಸಿಗಲಿಲ್ಲ. ದೋಣಿ ತೇಲಿಹೋದಾಗ ಅದು ದೋಣಿಯ ಕಿಡಿಗೇಡಿತನವೇ ಎಂದು ಕೇಳಿದರೆ, ಕಟ್ಟಿದವನು ಸರಿಯಾಗಿ ಕಟ್ಟಿರಲಿಲ್ಲ ಎಂಬ ಉತ್ತರವೇ ಬರುತ್ತಿತ್ತು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳಲ್ಲಿ ಬೆಳೆಯುವ ಆ ಮಕ್ಕಳಿಗೆ ನೀರು, ದೋಣಿ, ಬೆಂಕಿಗಳ ಗುಣವನ್ನು ಹಿರಿಯರು ತಪ್ಪಿಗೆ ಎಡೆಯಿಲ್ಲದಂತೆ ಕಲಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಮೀಡ್ ವಿವರಿಸಿದರು. ಪ್ರೇತಗಳಲ್ಲಿ ನಂಬಿಕೆಯಿದ್ದದ್ದು ಆ ಹಿರಿಯರಿಗೇ: ಸತ್ತ ಬಂಧುವಿನ ತಲೆಬುರುಡೆಯನ್ನು ಮನೆಯಲ್ಲಿಟ್ಟುಕೊಂಡು, ರೋಗರುಜಿನಗಳಿಗೆ ಆ ಪ್ರೇತದ ಮುನಿಸನ್ನು ಕಾರಣವಾಗಿ ಹೇಳುತ್ತಿದ್ದವರು ಅವರು. ಪಿಯಾಜೆಯವರ ಕ್ರಮ ಇಲ್ಲಿ ತಲೆಕೆಳಗಾಗಿತ್ತು. ಅಗೋಚರ ಶಕ್ತಿಗಳ ನಂಬಿಕೆ ಬಾಲ್ಯದೊಂದಿಗೆ ಕಳೆದುಹೋಗುವ ಬದಲು ಪ್ರಾಯದೊಂದಿಗೆ ಬರುತ್ತಿತ್ತು. ಇದನ್ನೆಲ್ಲ ವಿವರಿಸಿ ಮೀಡ್ 1932ರಲ್ಲಿ ಪ್ರಕಟಿಸಿದ ಪ್ರಬಂಧದ ಮಹತ್ವವನ್ನು ಕ್ಷೇತ್ರವು ಪೂರ್ಣವಾಗಿ ಗ್ರಹಿಸಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದು ವಿಷಾದದ ಸಂಗತಿ.

ನಡುವಿನ ದಶಕಗಳಲ್ಲಿ ಸಂಶೋಧಕರು ಹೆಚ್ಚಾಗಿ ಪಿಯಾಜೆಯವರ ಪರೀಕ್ಷೆಗಳನ್ನೇ ಹೊತ್ತು ದೇಶದಿಂದ ದೇಶಕ್ಕೆ ಹೋದರು. ಅಗಲವಾದ ಲೋಟದ ನೀರನ್ನು ಕಿರಿದಾದ ಲೋಟಕ್ಕೆ ಸುರಿದರೂ ಅದರ ಪ್ರಮಾಣ ಬದಲಾಗದು ಎಂಬ ಅರಿವು, ಅಂದರೆ ಪರಿಮಾಣದ ಸ್ಥಿರತೆಯ ಅರಿವು, ಯಾವ ನಾಡಿನ ಮಗುವಿಗೆ ಎಷ್ಟನೆಯ ವಯಸ್ಸಿಗೆ ಬರುತ್ತದೆ ಎಂದು ಅಳೆಯುವುದೇ ಅವರ ಮುಖ್ಯ ಕೆಲಸವಾಯಿತು. ಈ ಅಳತೆಗಳ ಬಹುಭಾಗ ಇಂದು ನೀರಸವೆನಿಸುತ್ತದೆಯಾದರೂ, ಪ್ಯಾಟ್ರೀಷಿಯಾ ಗ್ರೀನ್‌ಫೀಲ್ಡ್ 1966ರಲ್ಲಿ ಪ್ರಕಟಿಸಿದ ಸೆನೆಗಲಿನ ಅಧ್ಯಯನ ಅದಕ್ಕೆ ಹೊರತು. ನೀರು ಹೆಚ್ಚಾಗಿದೆ, ಏಕೆಂದರೆ ನೀವು ಸುರಿದಿರಿ ಎಂದು ಶಾಲೆಗೆ ಹೋಗದ ವೊಲೊಫ್ ಮಕ್ಕಳು ಉತ್ತರಿಸುತ್ತಿದ್ದರು. ಸುರಿಯುವ ಕೆಲಸವನ್ನು ಮಕ್ಕಳಿಗೇ ವಹಿಸಿದಾಗ ಸರಿಯುತ್ತರಗಳು ಏರಿದವು. ಮಗುವಿನ ಬುದ್ಧಿಯನ್ನು ಅಳೆಯುತ್ತೇವೆಂದುಕೊಂಡವರು, ಅಪರಿಚಿತ ದೊಡ್ಡವರ ಕೈಯಲ್ಲಿ ಏನೋ ಶಕ್ತಿಯಿದೆ ಎಂಬ ಭಾವನೆಯನ್ನೂ ಜೊತೆಗೇ ಅಳೆಯುತ್ತಿದ್ದರು.

ಬೆಳವಣಿಗೆಯ ದಿಕ್ಕೇ ಸಂಸ್ಕೃತಿಯಿಂದ ಸಂಸ್ಕೃತಿಗೆ ಬೇರೆಯಾಗಬಹುದು ಎಂಬುದನ್ನು ಸ್ಪಷ್ಟವಾಗಿ ತೋರಿಸಿದ ಸಂಶೋಧನೆಗಳಲ್ಲೊಂದು ನಡೆದದ್ದು ಮೈಸೂರಿನಲ್ಲಿ. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಮೈಸೂರಿನ ಹಿಂದೂಗಳೂ ಷಿಕಾಗೊದ ಅಮೆರಿಕನ್ನರೂ, 8, 11, 15 ವರ್ಷದ ಮಕ್ಕಳು ಮತ್ತು ವಯಸ್ಕರು, ತಮ್ಮ ಪರಿಚಯದವರು ಮಾಡಿದ ಒಳ್ಳೆಯ ಹಾಗೂ ಕೆಟ್ಟ ಕೆಲಸಗಳನ್ನು ಹೇಳಿ, ಅವಕ್ಕೆ ಕಾರಣ ಕೊಡಬೇಕಿತ್ತು. ಅದರಲ್ಲಿನ ಒಂದು ಪ್ರಸಂಗ ಹೀಗಿದೆ: ಮೋಟರ್‌ಸೈಕಲ್ಲಿನಲ್ಲಿ ಹೋಗುತ್ತಿದ್ದ ವಕೀಲರೊಬ್ಬರ ಗಾಡಿಯಿಂದ ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟಾಗುತ್ತದೆ, ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರನ್ನು ವಿಚಾರಿಸದೆ ಕೋರ್ಟಿಗೆ ಹೋಗುತ್ತಾರೆ, ಗಾಯಾಳು ತೀರಿಕೊಳ್ಳುತ್ತಾನೆ. ಅಮೆರಿಕದ ವಯಸ್ಕರು ಇಂಥ ನಡೆಗೆ ವ್ಯಕ್ತಿಯ ಬೇಜವಾಬ್ದಾರಿಯನ್ನು ಕಾರಣವಾಗಿ ಹೇಳಿದರೆ, ಮೈಸೂರಿನ ವಯಸ್ಕರು ಕಕ್ಷಿದಾರನಿಗಾಗಿ ಕೋರ್ಟಿನಲ್ಲಿರಬೇಕಾದ ಕರ್ತವ್ಯವನ್ನು, ಗಾಯದ ತೀವ್ರತೆ ಹೊರಗೆ ಕಾಣದಿದ್ದಿರಬಹುದಾದ ಸಂದರ್ಭವನ್ನು ಮುಂದಿಟ್ಟರು. ಹೆಚ್ಚು ಗಮನಾರ್ಹವಾದದ್ದು ವಯಸ್ಸಿನ ಪಾತ್ರ. ಎಂಟು ವರ್ಷದವರಲ್ಲಿ ಎರಡೂ ಊರುಗಳ ನಡುವೆ ಅಂತರ ತೀರ ಕಡಿಮೆ; ಮುಂದೆ ಒಂದು ಕಡೆ ಸ್ವಭಾವದ ಮಾತು ಹೆಚ್ಚುತ್ತ, ಇನ್ನೊಂದು ಕಡೆ ಸಂದರ್ಭದ ಮಾತು ಹೆಚ್ಚುತ್ತ ಹೋಗುತ್ತದೆ. ಭಾರತೀಯರಿಗೆ ಅಮೂರ್ತವಾಗಿ ಯೋಚಿಸುವ ಶಕ್ತಿ ಸಾಲದು ಎಂಬ ಹಳೆಯ ವಿವರಣೆಗೆ ಇಲ್ಲಿ ಆಧಾರ ಉಳಿಯಲಿಲ್ಲ.

ಇನ್ನೊಬ್ಬರ ತಲೆಯಲ್ಲಿ ವಾಸ್ತವಕ್ಕೆ ಹೊಂದದ ನಂಬಿಕೆ ಇರಬಹುದೆಂದು ಮಗು ಅರಿಯುವುದನ್ನು ತಪ್ಪು ನಂಬಿಕೆಯ ಪರೀಕ್ಷೆ ಎಂಬ ವಿಧಾನದಿಂದ ನೋಡುತ್ತಾರೆ. 1991ರಲ್ಲಿ ಜೆರೆಮಿ ಏವಿಸ್ ಮತ್ತು ಪಾಲ್ ಹ್ಯಾರಿಸ್ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಮರೂನಿನ ಕಾಡಿನಲ್ಲಿರುವ ಬಾಕಾ ಜನರ ಮಕ್ಕಳು, ಅಡುಗೆ ಮಾಡಿದವನು ಹೊರಗೆ ಹೋದಾಗ ಅವನ ಕಾಡುಮಾವಿನ ಬೀಜದ ತಿರುಳನ್ನು ಬೋಗುಣಿಯಿಂದ ತೆಗೆದು ಬೇರೆಡೆ ಬಚ್ಚಿಟ್ಟರು. ಅವನು ಬಂದು ಎಲ್ಲಿ ನೋಡುತ್ತಾನೆ, ಮುಚ್ಚಳ ತೆಗೆಯುವ ಮೊದಲು ಅವನಿಗೆ ಸಂತೋಷವೋ ದುಃಖವೋ ಎಂಬ ಪ್ರಶ್ನೆಗಳಿಗೆ ಐದು ವರ್ಷದ ಹೆಚ್ಚಿನ ಮಕ್ಕಳು ಸರಿಯಾಗಿಯೇ ಉತ್ತರಿಸಿದರು. ಪೆರುವಿನ ಕೆಚುವಾ ಮಕ್ಕಳ ವಿಷಯದಲ್ಲಿ ಫಲಿತಾಂಶ ಇಷ್ಟು ನೇರವಾಗಿರಲಿಲ್ಲ. ಅಲ್ಲದೆ ಚೀನಾದ ಮಕ್ಕಳಿಗೆ ‘ಅವನಿಗೆ ಗೊತ್ತಿಲ್ಲ’ ಎಂಬುದು ಮೊದಲು ಹೊಳೆದರೆ, ಅಮೆರಿಕದ ಮಕ್ಕಳಿಗೆ ‘ಅವನ ಅಭಿಪ್ರಾಯ ಬೇರೆ’ ಎಂಬುದು ಮೊದಲು ಹೊಳೆಯುತ್ತದೆ ಎಂದು 2006ರಲ್ಲಿ ತಿಳಿದುಬಂತು.

ಮೀಡ್ ಕಂಡದ್ದನ್ನು ಹೊಸ ವಿಧಾನಗಳಿಂದ ಮತ್ತೆ ಕಂಡವರು ರೀಟಾ ಅಸ್ತೂತಿ ಮತ್ತು ಹ್ಯಾರಿಸ್. ಮಡಗಾಸ್ಕರಿನ ವೆಜೊ ಬೆಸ್ತರಲ್ಲಿ ಅವರು, ಸತ್ತವನ ಕಣ್ಣು ಕಾಣುತ್ತದೆಯೇ, ಎದೆ ಬಡಿಯುತ್ತದೆಯೇ, ಹೆಂಡತಿಯ ಹೆಸರು ಅವನಿಗೆ ನೆನಪಿದೆಯೇ ಎಂದು ವಿಚಾರಿಸಿದರು (2008). ಸತ್ತ ದೇಹ ಕೆಲಸ ನಿಲ್ಲಿಸುತ್ತದೆ ಎಂಬ ತಿಳಿವಳಿಕೆ ಏಳರ ಹೊತ್ತಿಗೆ ಬಹುತೇಕ ಮಕ್ಕಳಲ್ಲಿತ್ತು. ಪೂರ್ವಜರು ನೆನಪಿಟ್ಟುಕೊಳ್ಳುತ್ತಾರೆ ಎಂಬ ನಂಬಿಕೆ ಅದರ ಮೇಲೆ ಆಮೇಲೆ ಕಟ್ಟಿಕೊಂಡದ್ದು. ವಯಸ್ಕರಲ್ಲಿ ಎರಡೂ ಒಟ್ಟಿಗೆ ಇದ್ದವು: ಆಸ್ಪತ್ರೆಯ ಕಥೆ ಹೇಳಿ ಕೇಳಿದರೆ ಎಲ್ಲವೂ ಮುಗಿಯಿತೆನ್ನುವವರು, ಸಮಾಧಿಯ ಕಥೆ ಹೇಳಿದಾಗ ಮನಸ್ಸು ಉಳಿಯುತ್ತದೆ ಎನ್ನುವುದು ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ ಏಡ್ಸ್ ಬಗ್ಗೆ ವಿಚಾರಿಸಿದ ಕ್ರಿಸ್ಟೀನ್ ಲೆಗಾರ್ ಮತ್ತು ಸೂಸನ್ ಗೆಲ್ಮನ್ ಕೂಡ, ಮಾಟದ ವಿವರಣೆಯೂ ವೈರಾಣುವಿನ ವಿವರಣೆಯೂ ಒಂದೇ ಮನಸ್ಸಿನಲ್ಲಿ ಜೊತೆಯಾಗಿರುವುದನ್ನು ವರದಿ ಮಾಡಿದರು. ಒಂದು ಬಂದರೆ ಇನ್ನೊಂದು ಹೋಗಲೇಬೇಕು ಎಂಬ ನಿರೀಕ್ಷೆಯನ್ನು ಕೈಬಿಡದೆ ಇಂಥ ಮನಸ್ಸುಗಳನ್ನು ಅರ್ಥಮಾಡಿಕೊಳ್ಳಲಾಗದು.

ಹಾಗಾದರೆ ಕಾಣದ ಸಂಗತಿಗಳನ್ನು ಮಗು ನಂಬುವುದು ಯಾವ ಆಧಾರದ ಮೇಲೆ? ದೇವರಂತೆ ಕ್ರಿಮಿಗಳೂ ಮಗುವಿನ ಕಣ್ಣಿಗೆ ಬೀಳುವಂಥವಲ್ಲ. ಎರಡನ್ನೂ ಅದು ತಿಳಿಯುವುದು ಹಿರಿಯರ ಮಾತಿನಿಂದಲೇ ಎಂಬುದು ಹ್ಯಾರಿಸ್ ಅವರ ನಿಲುವು. ಸಂಶೋಧನೆಗೆ ದೊರೆತ ಮಕ್ಕಳು ಬಹುಪಾಲು ಪಾಶ್ಚಾತ್ಯ ನಗರಗಳವರೇ ಎಂಬ ಕೊರತೆಯನ್ನು ತುಂಬಲು ಡೆವಲಪಿಂಗ್ ಬಿಲೀಫ್ ನೆಟ್‌ವರ್ಕ್ ಎಂಬ ಬಹುರಾಷ್ಟ್ರೀಯ ತಂಡ ಈಗ ಅನೇಕ ದೇಶಗಳಲ್ಲಿ ಮಕ್ಕಳನ್ನೂ ತಂದೆತಾಯಿಯರನ್ನೂ ವಿಚಾರಿಸುತ್ತಿದೆ. ಭಾರತದ ಮಟ್ಟಿಗೆ, ಮಹೇಶ್ ಶ್ರೀನಿವಾಸನ್ ಮತ್ತು ಸಂಗಡಿಗರು ಗುಜರಾತಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ವಿಶೇಷ ಗಮನಕ್ಕೆ ಯೋಗ್ಯವಾದುದು. ತಮ್ಮ ಧರ್ಮದ ಆಚಾರ ತಮ್ಮವರಿಗೆ, ಇನ್ನೊಂದು ಧರ್ಮದವರ ಆಚಾರ ಅವರಿಗೆ ಎಂದು ಹಿಂದೂ ಮಕ್ಕಳೂ ಮುಸ್ಲಿಂ ಮಕ್ಕಳೂ ಬೇರ್ಪಡಿಸಿದರು. ಇನ್ನೊಬ್ಬರನ್ನು ನೋಯಿಸಬಾರದೆಂಬ ನಿಯಮವನ್ನು ಮಾತ್ರ ಎಲ್ಲರಿಗೂ ಅನ್ವಯಿಸಿದರು.