ಬಲವಂತದ ಮಾಘಸ್ನಾನ

ಸಂಸ್ಕೃತದಲ್ಲಿ ಬಲವುಳ್ಳವನನ್ನು ಸೂಚಿಸುವ ಮೂಲದಿಂದ ಬಂದ ‘ಬಲವಂತ’ ಎಂಬ ಶಬ್ದವು ಕನ್ನಡದಲ್ಲಿ ವ್ಯಕ್ತಿಗಿಂತ ಹೆಚ್ಚಾಗಿ ಅವನು ಹೇರುವ ಒತ್ತಾಯಕ್ಕೇ ಹೆಸರಾಗಿ ನಿಂತಿದೆ. ಊಟದ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಮಾಡುವ ಬಲವಂತಕ್ಕೆ ಉಪಚಾರದ ಮರ್ಯಾದೆಯಿದ್ದರೆ, ಬಂದ್ ದಿನ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಅಂಗಡಿ ಮುಂಗಟ್ಟುಗಳನ್ನು ‘ಬಲವಂತವಾಗಿ ಮುಚ್ಚಿಸಲಾಯಿತು’ ಎಂಬ ವರದಿಯಲ್ಲಿ ಅದೇ ಶಬ್ದ ಆಕ್ಷೇಪಣೆಯಾಗುತ್ತದೆ. ‘ಬಲವಂತದ ಮಾಘಸ್ನಾನ’ ಎಂಬ ನುಡಿಗಟ್ಟು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಈ ಎರಡೂ ಊರುಗಳಿಗೆ ಸಮೀಪದ ಕೂಡಲಿಯಲ್ಲಿ, ತುಂಗೆಯೂ ಭದ್ರೆಯೂ ಕೂಡುವೆಡೆ, ಮಾಘದ ಚಳಿಯಲ್ಲಿ ಮೀಯುವುದು ಪುಣ್ಯವೇ ಸರಿ. ಆದರೆ ಯಾರೋ ನೂಕಿದ್ದರಿಂದ ಮುಳುಗೆದ್ದವನಿಗೆ ಮೈ ಒದ್ದೆಯಾದೀತೇ ಹೊರತು ಪುಣ್ಯ ಬಂದೀತೇ ಎಂಬ ಸಂದೇಹ ಆ ಮಾತಿನಲ್ಲಿ ಅಡಗಿದೆ.

ಸ್ವಾತಂತ್ರ್ಯ, ಸಮಾನತೆ, ಮುಕ್ತ ಆಡಳಿತ ಮೊದಲಾದ ರಾಜಕೀಯ ಆದರ್ಶಗಳಿಗೂ ಇದೇ ಸಂದೇಹ ಅನ್ವಯಿಸುತ್ತದೆ. 1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನದೇ ಸರ್ಕಾರವನ್ನು ಘೋಷಿಸಿಕೊಂಡು, ಹುಡುಗನೊಬ್ಬನನ್ನು ಅಮಲ್ದಾರನೆಂದು ನೇಮಿಸಿಕೊಂಡಿತು. ಊರಿಗೆ ಬಂದ ಸರ್ಕಾರದ ಅಮಲ್ದಾರ, ಅಂದರೆ ತಾಲ್ಲೂಕಿನ ಕಂದಾಯಾಧಿಕಾರಿ, ಮತ್ತು ಪೊಲೀಸರು ಗಾಂಧಿ ಟೋಪಿ ಧರಿಸಬೇಕೆಂದು ಜನ ಪಟ್ಟು ಹಿಡಿದರು. ಮುಂದೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು, 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಈಸೂರಿನ ತ್ಯಾಗ ದೊಡ್ಡದು, ಅದು ಎದುರಿಸಿದ ಆಡಳಿತವೂ ಬಲದ ಮೇಲೆಯೇ ನಿಂತದ್ದು. ಆದರೂ ಅಹಿಂಸೆಯ ಗುರುತಾದ ಟೋಪಿಯನ್ನು ಒಪ್ಪದವನ ತಲೆಗೆ ಏರಿಸಹೊರಟಾಗ ಅದು ಬರಿಯ ಬಟ್ಟೆಯಾಗುತ್ತದೆ ಎಂಬುದನ್ನು ಒಪ್ಪಲೇಬೇಕು.

ಅದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಅಂದರೆ ಪರರ ಭೂಮಿಯನ್ನು ಉತ್ತು ಬೆಳೆಯ ಪಾಲನ್ನು ಗೇಣಿಯಾಗಿ ತೆರುವವರು, ಬೇರೆ ದಾರಿ ಹಿಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗೆಗಿನ ತಕರಾರು ಸತ್ಯಾಗ್ರಹವಾಗಿ ಬೆಳೆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ್ರಹವು ಎದುರಾಳಿಯ ಮೈಮುಟ್ಟದೆ, ಕಷ್ಟವನ್ನು ಆಗ್ರಹಿಸುವವನ ಮೈಮೇಲೆಯೇ ಎಳೆದುಕೊಳ್ಳುತ್ತದೆ ಎಂಬಲ್ಲಿ ಬಲವಂತದಿಂದ ಬೇರೆಯಾಗುತ್ತದೆ.

ಆದರೆ ಆಗ್ರಹವೊಂದರಿಂದಲೇ ಭೂಮಿ ಕೈಬದಲಾಗಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನು ಸರ್ಕಾರದ ವಶಕ್ಕೆ ತಂದು, ಗೇಣಿದಾರನ ಅರ್ಜಿಯನ್ನು ಭೂ ನ್ಯಾಯಮಂಡಳಿ ವಿಚಾರಿಸುವಂತೆ ಮಾಡಿತು. ಒಡೆಯರೆಲ್ಲ ಮನಸಾರೆ ಒಪ್ಪಿ ಬಿಟ್ಟುಕೊಟ್ಟ ಭೂಮಿ ಅದಲ್ಲವಾದ್ದರಿಂದ ಅದೂ ಒತ್ತಾಯವೇ. ಆದರೆ ಚುನಾಯಿತ ಸದನದಲ್ಲಿ ಚರ್ಚೆಯಾಗಿ, ಒಡೆಯನಿಗೂ ವಾದಿಸುವ ಅವಕಾಶವನ್ನೂ ಪರಿಹಾರವನ್ನೂ ಕೊಟ್ಟ ಇಂಥ ಒತ್ತಾಯಕ್ಕೆ ಕನ್ನಡದಲ್ಲಿ ‘ಕಡ್ಡಾಯ’ ಎಂಬ ಬೇರೆ ಶಬ್ದವೇ ಇದೆ. ಆ ಕಾನೂನು ಒಡೆಯನ ಹಿಡಿತವನ್ನು ಬಿಡಿಸಿತೇ ಹೊರತು, ಸಮಾನತೆಯನ್ನು ಹೊಗಳಬೇಕೆಂದು ಅವನನ್ನು ಕೇಳಲಿಲ್ಲ.

ಒಬ್ಬನು ಇನ್ನೊಬ್ಬನ ಮೇಲೆ ನಡೆಸುವ ದಬ್ಬಾಳಿಕೆಯನ್ನು ತಡೆಯಲು ಕಡ್ಡಾಯ ಬೇಕು, ಮನಸ್ಸನ್ನು ಒಲಿಸಲು ಆಗ್ರಹ ಸಾಕು. ಆದರ್ಶವನ್ನು ನಂಬಿಸುವುದಕ್ಕಾಗಿ ಬಲವಂತಕ್ಕೆ ಕೈಹಾಕುವವರು ಆ ಆದರ್ಶಕ್ಕೇ ಮೊದಲ ಪೆಟ್ಟು ಕೊಡುತ್ತಾರೆ.